ಬೀಗದ ಮೇಲೆ ಬರೆದ ಹೆಸರು

“ಪೆಟ್ಟಿಗೆಗೆ ಬೀಗ ಹಾಕಿದ ಮೇಲೆ ಯಾರಾದ್ರೂ ಒಳಗಿನ ಸೀರೆ ಮಡಚ್ತಾರಾ ಮೇಡಂ?”

ಬೆನ್ನ ಹಿಂದಿನಿಂದ ಬಂದ ದನಿಗೆ ಮೋಕ್ಷಿತಾ ಬೆಚ್ಚಿಬಿದ್ದು ತಿರುಗಿದಳು.

ಬಸ್ಸಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಹಣೆ ತುಂಬ ಬೆವರು, ಮುಖದಲ್ಲೊಂದು ನಗು. ಆ ನಗು ಕಂಡೇ ಅವಳ ಮೈಯೆಲ್ಲ ಉರಿಯಿತು!

ಉರಿಯದೆ ಇರುತ್ತದೆಯೇ? ಬೆಳಿಗ್ಗೆಯಿಂದ ಅವಳು ಗುಂಡ್ಯದ ಬಿಸಿಲಲ್ಲಿ, ಘಟ್ಟ ಹತ್ತುವ ಲಾರಿಗಳ ಸದ್ದಿನಲ್ಲಿ, ಒಂದು ಫೈಲು ಕಳಿಸಲು ಒದ್ದಾಡುತ್ತಿದ್ದಳು. ಅದು ಹೆಂಗಸರ ಎದೆಯ ಎಕ್ಸ್‌ರೇ ತೆಗೆಯುವ ಬಸ್ಸು. ಪುತ್ತೂರಿನ ಸಣ್ಣದೊಂದು ಟ್ರಸ್ಟಿನವರದ್ದು. ಇವತ್ತು ಗುಂಡ್ಯ, ನಾಳೆ ಗುತ್ತಿಗಾರು, ನಾಡಿದ್ದು ಕಲ್ಲುಗುಂಡಿ ಎಂದು ಊರೂರು ತಿರುಗುತ್ತದೆ. ಸುಳ್ಯದ ಹುಡುಗಿ ಮೋಕ್ಷಿತಾ ಅದರ ಟೆಕ್ನಿಷಿಯನ್. ಅವಳು ತೆಗೆದ ಚಿತ್ರ ಪುತ್ತೂರಿನ ಡಾಕ್ಟರಿಗೆ ತಲುಪಿದರೆ ಮಾತ್ರ ಯಾರ ಎದೆಯಲ್ಲಿ ಗಡ್ಡೆ ಇದೆ, ಯಾರಿಗೆ ಇಲ್ಲ ಎಂದು ಗೊತ್ತಾಗುವುದು.

“ನೀವು ಯಾರು? ಹೆಂಗಸರ ಬಸ್ಸಿಗೆ ಕೇಳದೆ ಹತ್ತುದಾ?”

“ಹತ್ತಲಿಲ್ಲ, ಬಾಗಿಲಲ್ಲೇ ಇದ್ದೇನೆ. ನಾನು ಭವಿತ್, ಕಡಬದಿಂದ. ನೀವು ಬೈತಾ ಇರುವ ಆ ಪ್ರೋಗ್ರಾಮ್ ಮಾಡಿದ್ದು ನಾನೇ.”

“ಓ... ನನ್ನ ತಲೆಬಿಸಿಗೆ ಕಾರಣ ನೀವಾ! ಎಂತ ಮಾಡಿದ್ರೂ ಫೈಲ್ ಹೋಗುದೇ ಇಲ್ಲ. ಮಡಚಿ ಸಣ್ಣ ಮಾಡ್ತದೆ ಅಂತ ಹೇಳಿದ್ರಿ, ಒಂಚೂರೂ ಸಣ್ಣ ಆಗುದಿಲ್ಲ!”

“ಯಾಕೆ ಆಗುದಿಲ್ಲ ಅಂದ್ರೆ, ನೀವು ಮೊದಲು ಲಾಕ್ ಒತ್ತಿ ಆಮೇಲೆ ಮಡಚುವ ಬಟನ್ ಒತ್ತುದು.”

“ಹೆಂಗಸರ ವಿಷಯ ಅಲ್ವಾ? ಮೊದಲು ಬೀಗ ಹಾಕುದೇ ಒಳ್ಳೆಯದಲ್ವಾ?”

ಅವನ ನಗು ಸ್ವಲ್ಪ ಮೆತ್ತಗಾಯಿತು.

“ನೀವು ಯೋಚನೆ ಮಾಡಿದ್ದು ತಪ್ಪಲ್ಲ. ಆದ್ರೆ ನೋಡಿ, ಈ ಎಕ್ಸ್‌ರೇಯಲ್ಲಿ ಮುಕ್ಕಾಲು ಭಾಗ ಬರೇ ಕಪ್ಪು. ಕಪ್ಪು, ಕಪ್ಪು, ಕಪ್ಪು ಅಂತ ಸಾವಿರ ಸಲ ಕಳಿಸುವ ಬದಲು ‘ಇಷ್ಟು ಜಾಗ ಕಪ್ಪು’ ಅಂತ ಒಂದು ಸಲ ಹೇಳಿದ್ರೆ ಸಾಕಲ್ಲ? ಮಡಚುದು ಅಂದ್ರೆ ಅದೇ. ಅಲ್ಲಿ ಹೋಗಿ ಬಿಚ್ಚಿದ್ರೆ ಒಂದು ಚುಕ್ಕಿಯೂ ಕಡಿಮೆ ಆಗುದಿಲ್ಲ. ಬೀಗ ಹಾಕಿದ್ರೆ ಎಲ್ಲ ಕಲಸಿ ಹೋಗ್ತದೆ. ಯಾವುದು ಕಪ್ಪು, ಯಾವುದು ಬಿಳಿ ಅಂತ ಕಂಪ್ಯೂಟರಿಗೇ ಗೊತ್ತಾಗುದಿಲ್ಲ. ಮತ್ತೆ ಮಡಚುದು ಎಂತದ್ದನ್ನು?”

ಬಸ್ಸಿನ ಡ್ರೈವರ್ ಜತ್ತಪ್ಪಣ್ಣ ಕಿಟಕಿಯಿಂದ ತಲೆ ಹಾಕಿದರು. “ಅವ ಹೇಳುದು ಸರಿ ಉಂಟು ಮಾರಾಯ್ತಿ. ಒಮ್ಮೆ ಹಾಗೆ ಮಾಡಿ ನೋಡು.”

ಮೋಕ್ಷಿತಾ ತುಟಿ ಬಿಗಿದುಕೊಂಡು ಮೊದಲು ಮಡಚಿದಳು, ಆಮೇಲೆ ಬೀಗ ಹಾಕಿದಳು. ಫೈಲು ಸೊರಗಿ ಸಣ್ಣದಾಯಿತು. ಬೆಳಿಗ್ಗೆಯಿಂದ ಅಲುಗಾಡದೆ ಕೂತಿದ್ದದ್ದು, ಅವಳು ಕುಡಿಯಲು ನೀರಿನ ಬಾಟಲಿ ಎತ್ತುವಷ್ಟರಲ್ಲಿ ಪುತ್ತೂರು ತಲುಪಿತ್ತು!

‘ಛೆ... ಇಷ್ಟೇನಾ?’

ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಥ್ಯಾಂಕ್ಸ್ ಹೇಳಬೇಕಿತ್ತು. ಆದರೆ ನಮ್ಮ ಮೋಕ್ಷಿತಾಳಿಗೆ ತಪ್ಪು ಒಪ್ಪುವುದೆಂದರೆ ಹಾಗಲಕಾಯಿ ಹಸಿಯಾಗಿ ತಿಂದಂತೆ.

“ಬಟನಿನ ಮೇಲೆ ಒಂದು, ಎರಡು ಅಂತ ನಂಬರ್ ಹಾಕ್ಬೇಕಿತ್ತು ನೀವು” ಎಂದಳು.

“ಹಾಕ್ತೇನೆ ಮೇಡಂ” ಎಂದು ಅವನು ತಲೆಬಾಗಿದ. ಮತ್ತೆ ಅದೇ ನಗು!

ಮರುವಾರ ನಿಜವಾಗಿಯೂ ನಂಬರು ಹಾಕಿ ತಂದಿದ್ದ.

ಕಡಬ ಬಸ್ ಸ್ಟ್ಯಾಂಡಿನ ಹತ್ತಿರ ಅವನಿಗೆ ಫೋನ್ ರಿಪೇರಿಯ ಅಂಗಡಿ. ಟ್ರಸ್ಟಿನ ಕೆಲಸ ಅದರ ಜೊತೆಗೆ. ಬೀಗ ತೆಗೆಯುವ ಕೀಯನ್ನು ಅವನು ವಾರಕ್ಕೊಮ್ಮೆ ಬದಲಿಸುತ್ತಿದ್ದ. ಕೀ ಎಂದರೆ ಕಬ್ಬಿಣದ್ದಲ್ಲ, ನಾಲ್ಕೈದು ಮಾತಿನ ಒಂದು ಸಾಲು. ಬರೆದು ಕಳಿಸಬಾರದು, ಬಾಯಲ್ಲೇ ಹೇಳಬೇಕು. ಹಾಗಾಗಿ ಸೋಮವಾರ ಬೆಳಿಗ್ಗೆ ಅವನ ಫೋನು.

“ಈ ವಾರದ ಕೀ, ‘ನೀರುದೋಸೆಗೆ ಬಂಗುಡೆ ಗಸಿ ಬೇಕು.’”

“ಇದೆಂತ ಕೀಯಾ, ನಿಮ್ಮ ಮನೆಯ ಮಧ್ಯಾಹ್ನದ ಊಟವಾ?”

“ನೆನಪಿರ್ತದಲ್ಲ? ಅಷ್ಟು ಸಾಕು.”

ಕೀ ಹೇಳಲು ಅರ್ಧ ನಿಮಿಷ ಬೇಕು. ಫೋನು ಇಡಲು ಅರ್ಧ ಗಂಟೆಯೂ ಸಾಲದಾಯಿತು. ಹರಟೆಯ ಭರದಲ್ಲಿ ಅವಳ ಮನೆಮಾತು ಅರೆಭಾಷೆ ಹೊರಗೆ ಜಾರುತ್ತಿತ್ತು. ‘ಗೊತ್ತುಂಟು’ ಎನ್ನುವಲ್ಲಿ ‘ಗೊತ್ತುಟ್ಟು’ ಎಂದುಬಿಡುತ್ತಿದ್ದಳು. ತುಳು ಮನೆಯ ಭವಿತ್ ಅದನ್ನು ಹಾಗೆಯೇ ಹೇಳಿ ಚುಡಾಯಿಸುತ್ತಿದ್ದ.

ಒಂದು ಸೋಮವಾರ ಅವನ ದನಿ ಯಾಕೋ ತೊದಲಿತು.

“ಈ ವಾರದ ಕೀ... ‘ಗುಂಡ್ಯದಲ್ಲಿ ಬೈದವಳು ನೆನಪಾಗ್ತಾಳೆ.’”

ಮೋಕ್ಷಿತಾ ಥಟ್ಟನೆ ಫೋನು ಇಟ್ಟಳು. ಆ ವಾರವಿಡೀ ಒಂದೊಂದು ಫೈಲಿಗೆ ಬೀಗ ಹಾಕುವಾಗಲೂ ಆ ಸಾಲು ಒತ್ತಬೇಕು, ಒತ್ತುವಾಗಲೆಲ್ಲ ಕೆನ್ನೆ ಕೆಂಪಾಗಬೇಕು!

“ಎಂತ ಮಾರಾಯ್ತಿ, ಕಂಪ್ಯೂಟರ್ ನೋಡಿ ನಗುದು?” ಎಂದು ಜತ್ತಪ್ಪಣ್ಣ ಕೇಳಿದ್ದೂ ಉಂಟು.

ಆದರೆ ಆ ನಗುವಿನ ನಡುವೆಯೇ ಅವಳು ಒಂದು ಕೆಲಸ ಮಾಡುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಳು.

ಫೈಲಿಗೆ ಬರೇ ನಂಬರು ಕೊಡಬೇಕೆಂದು ಭವಿತ್ ಮೊದಲೇ ಹೇಳಿದ್ದ. ಆದರೆ ಕಲ್ಲುಗುಂಡಿಯಲ್ಲಿ ಒಮ್ಮೆ ನಂಬರು ಅದಲುಬದಲಾಗಿ ಒಬ್ಬ ದೇವಕಿಯ ರಿಪೋರ್ಟು ಇನ್ನೊಬ್ಬ ದೇವಕಿಗೆ ಹೋಯಿತು. ನಮ್ಮ ಕಡೆ ಒಂದೇ ಹೆಸರಿನವರು ಹತ್ತು ಮಂದಿ. ಮನೆ ಹೆಸರು ಹೇಳದೆ ಯಾರು ಯಾರೆಂದು ಗೊತ್ತಾಗುವುದೇ ಇಲ್ಲ. ಅವತ್ತಿನಿಂದ ಮೋಕ್ಷಿತಾ ಫೈಲಿನ ಮೇಲೆ ಹೆಸರು, ಮನೆ ಹೆಸರು ಎರಡೂ ಬರೆಯತೊಡಗಿದಳು. ಚಿತ್ರದಲ್ಲಿ ಸಂಶಯ ಕಂಡರೆ ಡಾಕ್ಟರು ಬೇಗ ನೋಡಲಿ ಎಂದು ಅದನ್ನೂ ಸೇರಿಸಿದಳು. ಇಮೇಲ್ ಹೋಗದ ದಿನ ಶಿಬಿರದ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಗ್ರೂಪಿನಿಂದ ಪುತ್ತೂರು ಆಫೀಸಿನವರು ಇಳಿಸಿಕೊಳ್ಳುತ್ತಿದ್ದರು.

‘ಬೀಗ ಹಾಕಿದೆಯಲ್ಲ. ಯಾರು ನೋಡ್ತಾರೆ?’

ಅಷ್ಟೇ ಅವಳ ಯೋಚನೆ.

ಆಮೇಲೊಂದು ದಿನ ಗುತ್ತಿಗಾರಿನ ಕುಮುದಿನಿಯಕ್ಕ ಸೊಸೈಟಿಯಲ್ಲಿ ರೇಷನ್ನಿಗೆ ನಿಂತಿದ್ದರು. ಹಿಂದಿನವಳು ಹೆಗಲು ಮುಟ್ಟಿ, “ಪಾಪ, ನಿಮ್ಮ ಎದೆಯಲ್ಲಿ ಗಡ್ಡೆ ಅಂತೆ ಅಲ್ವಾ? ಎಡ ಬದಿಗಂತೆ” ಎಂದಳು.

ಕುಮುದಿನಿಯಕ್ಕನಿಗೆ ಆ ಸುದ್ದಿ ಇನ್ನೂ ಯಾರೂ ಹೇಳಿರಲಿಲ್ಲ. ಡಾಕ್ಟರ ಫೋನು ಬಂದೇ ಇರಲಿಲ್ಲ. ತನ್ನ ಮೈಯ ವಿಷಯ ತನಗಿಂತ ಮೊದಲು ಕ್ಯೂನಲ್ಲಿ ನಿಂತವರಿಗೆ ಗೊತ್ತಾಗಿತ್ತು! ಅವರು ಚೀಲ ಅಲ್ಲೇ ಬಿಟ್ಟು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಪುತ್ತೂರಿಗೆ ಬಂದು ಸೂಜಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಫೀಸಿನವರು ಎಷ್ಟು ಬೇಡಿದರೂ ಒಪ್ಪಲಿಲ್ಲ. ಮುಂದಿನ ಶಿಬಿರಕ್ಕೆ ಗುತ್ತಿಗಾರಿನ ಹೆಂಗಸರು ಬಸ್ಸಿನ ಹತ್ತಿರವೂ ಸುಳಿಯಲಿಲ್ಲ.

ಪುತ್ತೂರಿನ ಆಫೀಸಿನಲ್ಲಿ ಮೀಟಿಂಗ್. ಟ್ರಸ್ಟಿನ ಮುಖ್ಯಸ್ಥೆ ತನ್ಮಯೀ ಮೇಡಂ ಮೇಜಿನ ಆಚೆ ಕೂತಿದ್ದರು. ಊರೂರಿನ ಸ್ವಯಂಸೇವಕಿಯರು ಗೋಡೆಯ ಉದ್ದಕ್ಕೂ ಕುರ್ಚಿಗಳಲ್ಲಿ.

“ಇದು ಹೊರಗೆ ಹೋದದ್ದು ಹೇಗೆ?” ತನ್ಮಯೀ ಮೇಡಂ ಕೇಳಿದರು.

ಸ್ವಯಂಸೇವಕಿಯರು ಮುಖ ಮುಖ ನೋಡಿಕೊಂಡರು. ಮೋಕ್ಷಿತಾಳ ಮನಸ್ಸಿನಲ್ಲಿ ಎಲ್ಲೋ ಒಳಗೆ, ತೀರಾ ಒಳಗೆ, ಆ ಗ್ರೂಪಿನ ನೆನಪು ಒಮ್ಮೆ ಮಿಸುಕಾಡಿತು. ‘ಇಲ್ಲ, ಅದಕ್ಕೆ ಬೀಗ ಉಂಟು...’ ಎಂದು ಅವಳು ಅದನ್ನು ಒತ್ತಿಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಉಂಟು. ಇವಳು ಹೆಗಲು ಮುಟ್ಟಲಿಲ್ಲ, ಇನ್ನೊಬ್ಬನ ಕಡೆ ಬೆರಳು ತೋರಿಸಿದಳು.

“ಕೀ ಗೊತ್ತಿರುದು ಡಾಕ್ಟರಿಗೆ, ನನಗೆ, ಮತ್ತೆ... ಇವರಿಗೆ.”

ಎಲ್ಲರ ಕಣ್ಣು ಭವಿತ್‌ನ ಕಡೆ ತಿರುಗಿತು.

“ಇವರ ಅಕ್ಕನ ಮನೆ ಗುತ್ತಿಗಾರಿನಲ್ಲೇ ಉಂಟು. ಆ ವಾರ ಅಲ್ಲಿಗೆ ಹೋಗಿದ್ರು. ನನ್ನ ಹತ್ರ ಇವರೇ ಹೇಳಿದ್ದು. ಕೇಳಿ ಬೇಕಾದ್ರೆ!”

ಪ್ರೀತಿಯಲ್ಲಿ ಹೇಳಿದ ಮಾತು. ಅಕ್ಕನ ಮಗುವಿಗೆ ಗೊಂಬೆ ಕೊಂಡುಹೋದ ಸುದ್ದಿ. ಅದನ್ನು ಅವಳು ಸಾಕ್ಷಿಯಾಗಿ ಮೇಜಿನ ಮೇಲಿಟ್ಟಳು.

ಭವಿತ್ ಅವಳನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಆಮೇಲೆ ಮೆಲ್ಲಗೆ, “ತಪ್ಪು ನನ್ನದೂ ಉಂಟು ಮೇಡಂ” ಎಂದು ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

“ಒಪ್ಪಿಕೊಂಡ!” ಎಂದರು ಯಾರೋ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಪುತ್ತೂರಿನಿಂದ ಕಡಬಕ್ಕೆ ಬಸ್ಸಿಗಿಂತ ಬೇಗ ತಲುಪಿತು. ಫೋನ್ ರಿಪೇರಿಯವನ ಬಂಡವಾಳ ಎಂತ? ಜನರು ತಮ್ಮ ಫೋಟೋ, ಮೆಸೇಜು, ಮನೆಯ ಗುಟ್ಟು ಎಲ್ಲ ಇರುವ ಫೋನನ್ನು ಬಿಟ್ಟುಹೋಗುವ ಧೈರ್ಯ. ಅದೇ ಹೋಯಿತು. “ಅವನಲ್ಲಿಗೆ ಕೊಡ್ಬೇಡ, ಒಳಗೆ ಇಣುಕ್ತಾನೆ” ಎಂದು ಮಾತಾಯಿತು.

ಸೋಮವಾರ ಫೋನು ಬರಲಿಲ್ಲ. ಹೊಸ ಕೀಯನ್ನು ತನ್ಮಯೀ ಮೇಡಂ ಹೇಳಿದರು. ಬರೇ ಅಂಕೆಗಳು. ಮೋಕ್ಷಿತಾಳಿಗೆ ಅದು ನೆನಪೇ ಉಳಿಯುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಅವಳು ಆ ಮೀಟಿಂಗಿಗೆ ಬಾರದಿದ್ದ ಗುತ್ತಿಗಾರಿನ ಸ್ವಯಂಸೇವಕಿ ಕೌಸಲ್ಯಕ್ಕನ ಮನೆಗೇ ಹೋದಳು. ಆ ಸುದ್ದಿಯನ್ನು ಭವಿತ್ ಯಾರ ಕಿವಿಗೆ ಹಾಕಿದ ಎಂದು ತಿಳಿದುಕೊಳ್ಳಬೇಕಿತ್ತು. ತಾನು ಮಾಡಿದ್ದು ಸರಿ ಎಂದು ಯಾರಾದರೂ ಹೇಳಬೇಕಿತ್ತು!

“ಕೌಸಲ್ಯಕ್ಕ, ಕುಮುದಿನಿಯಕ್ಕನ ವಿಷಯ ನಿಮಗೆ ಯಾರು ಹೇಳಿದ್ದು? ಭವಿತ್ ಅಲ್ವಾ?”

“ಯಾವ ಭವಿತ್?” ಕೌಸಲ್ಯಕ್ಕ ಮಜ್ಜಿಗೆಯ ಲೋಟ ಕೊಡುತ್ತ ಅಚ್ಚರಿಯಿಂದ ಕೇಳಿದರು. “ಯಾರು ಹೇಳ್ಬೇಕು ಮಾರಾಯ್ತಿ? ನೀನೇ ಗ್ರೂಪಿನಲ್ಲಿ ಹಾಕಿದ್ದಲ್ವಾ?”

“ನಾನಾ?... ಅದಕ್ಕೆ ಲಾಕ್ ಉಂಟಲ್ಲ! ನಿಮಗೆ ಓಪನ್ ಆಗುದಿಲ್ಲ.”

“ಓಪನ್ ಯಾಕೆ ಆಗ್ಬೇಕು? ಮೇಲೆಯೇ ಬರೆದಿದ್ಯಲ್ಲ!”

ಕೌಸಲ್ಯಕ್ಕ ಫೋನು ಮುಂದೆ ಹಿಡಿದರು.

ಅಲ್ಲಿತ್ತು. ಬೀಗ ಹಾಕಿದ ಫೈಲು. ಅದರ ಮೇಲೆ ಅವಳೇ ಕೊಟ್ಟ ಹೆಸರು.

‘ಕುಮುದಿನಿ ಕೆರೆಮೂಲೆ ಎಡ ಗಡ್ಡೆ ಅರ್ಜೆಂಟ್.’

ಮೋಕ್ಷಿತಾಳ ಕೈಯಿಂದ ಲೋಟ ಜಾರಿ ಮಜ್ಜಿಗೆ ಸೀರೆಯ ಮೇಲೆಲ್ಲ ಚೆಲ್ಲಿತು.

“ಪಾಪ ಅಂತ ನಾನು ನಾಲ್ಕು ಜನರ ಹತ್ರ ಹೇಳಿದ್ದು ಹೌದು. ಅವರಿಗೆ ಗೊತ್ತುಂಟು ಅಂತ ಎಣಿಸಿದ್ದೆ...” ಕೌಸಲ್ಯಕ್ಕ ಇನ್ನೂ ಏನೋ ಹೇಳುತ್ತಿದ್ದರು. ಅವಳಿಗೆ ಕೇಳಿಸಲಿಲ್ಲ.

ಒಳಗಿನ ಚಿತ್ರಕ್ಕೆ ಅಷ್ಟು ಗಟ್ಟಿ ಬೀಗ ಹಾಕಿ, ಗುಟ್ಟನ್ನೆಲ್ಲ ತಾನೇ ಹೊರಗೆ ಬರೆದಿದ್ದಳು!

ಆಗ, ಅಲ್ಲಿ ನಿಂತಲ್ಲೇ, ಅವನ ಮಾತು ಅವಳ ಕಿವಿಗೆ ಸರಿಯಾಗಿ ಬಿತ್ತು. ‘ತಪ್ಪು ನನ್ನದು’ ಎಂದಿರಲಿಲ್ಲ ಅವನು. ‘ನನ್ನದೂ’ ಎಂದಿದ್ದ. ನನ್ನದೂ! ಆ ಒಂದು ದೀರ್ಘದಲ್ಲಿ ಇನ್ನೊಬ್ಬರ ತಪ್ಪೂ ಇತ್ತು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಜನರ ಎದುರು ಅವಳ ಹೆಸರು ಹೇಳಿರಲಿಲ್ಲ.

‘ನಾನು ಅವರ ಅಕ್ಕನ ಮನೆಯನ್ನೂ ಬಿಡಲಿಲ್ಲ...’

ಅವಳಿಗೆ ಅಳು ಬರಲಿಲ್ಲ. ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಮೈಮೇಲೆ ಬಟ್ಟೆಯಿಲ್ಲದೆ ಪೇಟೆಯ ನಡುವೆ ನಿಂತಂತಾಯಿತು. ಬಸ್ಸಿನಲ್ಲಿ ಕೂತಾಗ ಪಕ್ಕದವಳು “ಎಲ್ಲಿಗೆ ಹೋಗುದು?” ಎಂದು ಸುಮ್ಮನೆ ಕೇಳಿದರೂ ಮುಖ ಎತ್ತಲಾಗಲಿಲ್ಲ. ಮನೆಗೆ ಹೋಗಿ ಕನ್ನಡಿಯ ಎದುರು ಕೂದಲು ಬಾಚಲೂ ನಾಚಿಕೆ. ತಪ್ಪು ಮಾಡಿದ್ದಕ್ಕಿಂತ, ತಪ್ಪು ತನ್ನದಿರಬಹುದು ಎಂದು ಒಳಗೆ ಮಿಸುಕಾಡಿದಾಗ ಅದನ್ನು ಒತ್ತಿ, ಅವನನ್ನು ತೋರಿಸಿದೆನಲ್ಲ ಎನ್ನುವುದೇ ಅವಳನ್ನು ಸುಡುತ್ತಿತ್ತು.

ಮರುದಿನ ಪುತ್ತೂರಿಗೆ ಹೋಗಿ ತನ್ಮಯೀ ಮೇಡಂಗೆ ಆದದ್ದನ್ನು ಹೇಳಿದಳು. ಗ್ರೂಪಿನಲ್ಲೂ ಬರೆದಳು. ‘ಕುಮುದಿನಿಯಕ್ಕನ ವಿಷಯ ಹೊರಗೆ ಹೋದದ್ದು ನನ್ನಿಂದ. ಭವಿತ್ ಅವರದ್ದು ತಪ್ಪಿಲ್ಲ. ಅವರ ಮೇಲೆ ಸುಳ್ಳು ಹೇಳಿದ್ದು ನಾನು.’ ಹಳೆಯ ಫೈಲುಗಳನ್ನೆಲ್ಲ ಗ್ರೂಪಿನಿಂದ ಅಳಿಸಿಹಾಕಲು ಒಬ್ಬೊಬ್ಬರಿಗೂ ಫೋನು ಮಾಡಿ ಬೇಡಿಕೊಂಡಳು.

“ಕೆಲಸ ಬಿಡ್ತೇನೆ ಮೇಡಂ.”

“ಬಿಟ್ಟು ಓಡುದು ಸುಲಭ” ಎಂದರು ತನ್ಮಯೀ ಮೇಡಂ ಗಂಭೀರವಾಗಿ. “ಮೊದಲು ಕುಮುದಿನಿಯಕ್ಕ ಪರೀಕ್ಷೆಗೆ ಬರುವ ಹಾಗೆ ಮಾಡು. ಕೆಲಸದ ಮಾತು ಆಮೇಲೆ.”

ಕುಮುದಿನಿಯಕ್ಕನ ಮನೆಯ ಬಾಗಿಲು ಅರ್ಧ ತೆರೆಯಿತು. ಒಳಗಿನಿಂದ ಇಣುಕಿದ ಮುಖ ಸೊರಗಿ ಹೋಗಿತ್ತು.

“ನೀನಾ? ಎಂತಕ್ಕೆ ಬಂದದ್ದು?”

“ಕುಮುದಿನಿಯಕ್ಕ, ನಿಮ್ಮ ವಿಷಯ ಊರಿಗೆ ಹೇಳಿದ್ದು ನಾನು. ಬೇಕು ಅಂತ ಅಲ್ಲ... ಆದ್ರೆ ನಾನೇ.”

ಫೈಲಿನ ಮೇಲೆ ಹೆಸರು ಬರೆದದ್ದು, ಅದನ್ನು ಗ್ರೂಪಿಗೆ ಹಾಕಿದ್ದು ಹೇಳಿದಳು. ಹೇಳುವಾಗ ಕಣ್ಣು ಹೊಸ್ತಿಲಿನ ಮೇಲೆಯೇ ಇತ್ತು.

ಕುಮುದಿನಿಯಕ್ಕ ಒಮ್ಮೆಲೇ ಸಿಡಿದರು.

“ನನಗೆ ಗಡ್ಡೆಯ ಹೆದರಿಕೆ ಅಲ್ಲ ಮಾರಾಯ್ತಿ! ನಾನು ನಡ್ಕೊಂಡು ಹೋದ್ರೆ ಎಲ್ಲರ ಕಣ್ಣು ನನ್ನ ಎಡ ಬದಿಗೆ. ಗಂಡಸರದ್ದೂ! ಹೇಗಾಗ್ತದೆ ಗೊತ್ತುಟ್ಟಾ ನಿಂಗೆ?”

“ಗೊತ್ತಿಲ್ಲ ಅಕ್ಕ. ನಿಮಗಾದದ್ದು ನನಗೆ ಪೂರ್ತಿ ಗೊತ್ತಾಗ್ಲಿಕ್ಕೆ ಸಾಧ್ಯ ಇಲ್ಲ. ನೀವು ಎಷ್ಟು ಬೇಕಾದ್ರೂ ಬೈಯಿರಿ. ಪರೀಕ್ಷೆ ಮಾತ್ರ ಬಿಡ್ಬೇಡಿ... ನನ್ನ ತಪ್ಪಿಗೆ ನಿಮ್ಮ ಜೀವ ಹೋದ್ರೆ...”

ಈಗ ಅಳು ಬಂತು. ತಡೆಯಲಾಗದಷ್ಟು ಬಂತು. ಕುಮುದಿನಿಯಕ್ಕ ಅವಳು ಅಳುವುದನ್ನು ನೋಡುತ್ತ ನಿಂತರು. ಸಮಾಧಾನ ಮಾಡಲಿಲ್ಲ.

“ಆ ಕಡಬದ ಹುಡುಗ... ಅವ ಅಲ್ವಾ ಹಾಗಾದ್ರೆ?” ಎಂದರು ಕೊನೆಗೆ.

“ಅಲ್ಲ ಅಕ್ಕ.”

“ಅಯ್ಯೋ ದೇವರೇ. ಅವನ ಅಕ್ಕ ಮಾತಾಡ್ಲಿಕ್ಕೆ ಬಂದಾಗ ನಾನು ಅಂಗಳದಿಂದಲೇ ಓಡಿಸಿದ್ದೆ.” ಅವರು ಬಾಗಿಲಿಗೆ ಒರಗಿ ಕೂತುಬಿಟ್ಟರು. “ಬರ್ತೇನೆ ಪುತ್ತೂರಿಗೆ. ಆದ್ರೆ ನೀನು ಬರ್ಬೇಕು ಜೊತೆಗೆ. ಅವನನ್ನೂ ಕರ್ಕೊಂಡು ಬಾ. ನಾನು ಅವನ ಮುಖ ನೋಡಿ ಒಂದು ಮಾತು ಹೇಳ್ಬೇಕು.”

ಕಡಬದ ಪೇಟೆಯಲ್ಲಿ ನಡುಹಗಲು. ಭವಿತ್‌ನ ಅಂಗಡಿ ಖಾಲಿ. ಪಕ್ಕದ ಹೋಟೆಲಿನಲ್ಲಿ ಮಾತ್ರ ಗೋಳಿಬಜೆಯ ಪರಿಮಳ, ಚಾ ಕುಡಿಯುವವರ ಗಲಾಟೆ.

ಮೋಕ್ಷಿತಾ ಅಂಗಡಿಯ ಎದುರು ನಿಂತಳು. ‘ವಾಪಸ್ ಹೋಗುವಾ... ಫೋನ್ ಮಾಡಿ ಹೇಳಿದ್ರೆ ಸಾಕು...’ ಎಂದು ಮನಸ್ಸು ಎಳೆಯಿತು. ಆದರೆ ಅವನ ಹೆಸರು ಹಾಳು ಮಾಡಿದ್ದು ಎಲ್ಲರ ಎದುರು. ಸರಿ ಮಾಡುವುದು ಮಾತ್ರ ಗುಟ್ಟಿನಲ್ಲೇ?

ಅವಳು ಹೋಟೆಲಿನ ಮೆಟ್ಟಿಲ ಹತ್ತಿರ ಹೋದಳು.

“ಒಂದು ನಿಮಿಷ, ಸ್ವಲ್ಪ ಕೇಳಿ...”

ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು, ಜೋರಾಗಿ. ಚಾ ಗ್ಲಾಸುಗಳು ಅರ್ಧದಲ್ಲೇ ನಿಂತವು.

“ನಾನು ಎಕ್ಸ್‌ರೇ ಬಸ್ಸಿನ ಮೋಕ್ಷಿತಾ. ಈ ಅಂಗಡಿಯ ಭವಿತ್ ಅವರು ಹೆಂಗಸರ ಫೈಲ್ ನೋಡಿ ಹೊರಗೆ ಹೇಳಿದ್ರು ಅಂತ ನೀವೆಲ್ಲ ಕೇಳಿದ್ದೀರಲ್ಲ? ಅದು ಸುಳ್ಳು. ಆ ಸುಳ್ಳು ಹೇಳಿದ್ದು ನಾನು. ತಪ್ಪು ಮಾಡಿದ್ದೂ ನಾನೇ.”

ಯಾರೋ ಕೆಮ್ಮಿದರು. ಅಷ್ಟೂ ಜನ ತನ್ನನ್ನೇ ನೋಡುವುದು ಅವಳ ಚರ್ಮಕ್ಕೆ ತಾಗುತ್ತಿತ್ತು. ಕುಮುದಿನಿಯಕ್ಕನ ಮಾತು ನೆನಪಾಗಿ ಅವಳು ತಲೆ ತಗ್ಗಿಸಲಿಲ್ಲ.

ನೇರವಾಗಿ ಅಂಗಡಿಗೆ ಬಂದು ತನ್ನ ಫೋನು ಅವನ ಮುಂದಿಟ್ಟಳು.

“ರಿಪೇರಿಗೆ ಕೊಡ್ಲಿಕ್ಕೆ ಬಂದೆ. ಲಾಕ್ ತೆಗೆದಿದ್ದೇನೆ. ಒಳಗೆ ಎಲ್ಲ ಉಂಟು. ಎರಡು ದಿನ ಇಲ್ಲೇ ಇರ್ಲಿ.”

ಹೋಟೆಲಿನಿಂದ ಇಣುಕುತ್ತಿದ್ದವರಿಗೆಲ್ಲ ಅದು ಕಂಡಿತು.

ಭವಿತ್ ಫೋನು ಕೈಗೆತ್ತಿಕೊಂಡ. ಪರದೆ ನೋಡದೆ ಬದಿಯ ಬಟನ್ ಒತ್ತಿ ಆರಿಸಿದ. ವಾಪಸ್ ದೂಡಿದ.

“ಎಂತ ಆಗಿದೆ ಇದಕ್ಕೆ? ಸರಿ ಉಂಟಲ್ಲ.”

“ಭವಿತ್...”

“ಮನೆಗೆ ಹೋಗಿ ಮೇಡಂ. ಬಿಸಿಲಿಗೆ ಬಂದಿದ್ದೀರಿ.”

‘ಮೇಡಂ!’ ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

“ಹೋಗ್ತೇನೆ. ನೀವು ಕ್ಷಮಿಸ್ಬೇಕು ಅಂತ ಕೇಳ್ಲಿಕ್ಕೆ ಬಂದದ್ದಲ್ಲ, ಅದು ಕೇಳುವ ಮುಖ ನನಗಿಲ್ಲ. ಕುಮುದಿನಿಯಕ್ಕ ಗುರುವಾರ ಪುತ್ತೂರಿಗೆ ಬರ್ತಾರೆ. ನಿಮ್ಮನ್ನು ನೋಡ್ಬೇಕಂತೆ. ನನಗಾಗಿ ಬೇಡ. ಅವರಿಗಾಗಿ ಬನ್ನಿ.”

ಅವಳು ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗ, ಚಾ ಕುಡಿದು ಎದ್ದ ಒಬ್ಬ ಅಜ್ಜ ತನ್ನ ಹಳೇ ಫೋನು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು.

ಗುರುವಾರ ಅವನು ಬಂದ!

ಪುತ್ತೂರಿನ ಆಸ್ಪತ್ರೆಯ ವರಾಂಡದಲ್ಲಿ ಕುಮುದಿನಿಯಕ್ಕ ಅವನ ಎರಡೂ ಕೈ ಹಿಡಿದುಕೊಂಡರು. “ಮಗಾ, ನಿನ್ನ ಅಕ್ಕನಿಗೆ ಬಾಯಿಗೆ ಬಂದ ಹಾಗೆ ಹೇಳಿದ್ದೇನೆ. ಮನಸ್ಸಿನಲ್ಲಿ ಇಟ್ಕೊಳ್ಬೇಡ” ಎಂದರು. ಅವನು “ಹೇ, ಎಂತದ್ದೂ ಇಲ್ಲ ಅಕ್ಕ, ನೀವು ಹೆದರ್ಬೇಡಿ, ಹೋಗಿ ಬನ್ನಿ” ಎಂದ. ನರ್ಸು ಅವರನ್ನು ಒಳಗೆ ಕರೆದುಕೊಂಡು ಹೋದಳು.

ಬೆಂಚಿನ ಮೇಲೆ ಅವನು ಕೂತ. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

“ನಿಮಗೆ ಅವತ್ತೇ ಗೊತ್ತಿತ್ತು ಅಲ್ವಾ?” ಅವಳು ಕೇಳಿದಳು.

“ಮೀಟಿಂಗಿನ ದಿನ ಬೆಳಿಗ್ಗೆ ಫೈಲ್‌ಗಳ ಮೇಲಿನ ಹೆಸರು ನೋಡಿದ್ದೆ. ನಿಮ್ಮ ಹತ್ರ ಮೆಲ್ಲ ಹೇಳುವಾ ಅಂತಿದ್ದೆ.”

“ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಜನರ ಎದುರು ನಾನು ನಿಮ್ಮನ್ನು...”

“ಸಿಟ್ಟು ಬಂದಿತ್ತು. ತುಂಬಾ ಬಂದಿತ್ತು.” ಅವನು ಅಂಗೈ ನೋಡಿಕೊಳ್ಳುತ್ತ ಹೇಳಿದ. “ಆದ್ರೆ ಬಾಯಿ ತೆರೆಯುವಾಗ ನನಗೇ ನಾಚಿಕೆ ಆಯ್ತು. ನಂಬರ್ ಮಾತ್ರ ಹಾಕಿ ಅಂತ ಹೇಳಿದೆ, ಯಾಕೆ ಅಂತ ಹೇಳಲಿಲ್ಲ. ಒಳಗಿದ್ದದ್ದಕ್ಕೆ ಮಾತ್ರ ಬೀಗ, ಹೆಸರು ಹೊರಗೆ ಕಾಣ್ತದೆ ಅಂತ ನಿಮಗೆ ಯಾರು ಹೇಳ್ಬೇಕಿತ್ತು? ನಾನೇ ಅಲ್ವಾ? ಸೋಮವಾರ ಅರ್ಧ ಗಂಟೆ ಮಾತಾಡ್ತಿದ್ದೆವು. ಅದನ್ನು ಹೇಳ್ಲಿಕ್ಕೆ ಒಂದು ನಿಮಿಷ ಸಿಗಲಿಲ್ಲ ನನಗೆ. ಬೇರೆಯೇ ಎಲ್ಲ ಹೇಳ್ತಾ ಇದ್ದೆ.”

ಮೋಕ್ಷಿತಾ ಮುಖ ಮುಚ್ಚಿಕೊಂಡಳು. ಬೆರಳ ಸಂದಿನಿಂದ ಕಣ್ಣೀರು ಇಳಿಯಿತು.

“ನಿಮ್ಮದು ಮರೆವು ಭವಿತ್. ನನ್ನದು ಹಾಗಲ್ಲ. ನನಗೆ ಒಳಗೆಲ್ಲೋ ಸಂಶಯ ಬಂದಿತ್ತು. ಆದ್ರೂ ನಿಮ್ಮನ್ನು ತೋರಿಸಿದೆ. ಇದನ್ನು ಯಾರ ಹತ್ರವೂ ಹೇಳಲಿಲ್ಲ... ಗ್ರೂಪಿನಲ್ಲಿಯೂ ಬರೀಲಿಲ್ಲ. ನಿಮಗೆ ಮಾತ್ರ ಹೇಳ್ತಾ ಇದ್ದೇನೆ. ನಾನು ಅಷ್ಟು ಕೆಟ್ಟವಳು.”

ಅವನು ತಲೆಯೆತ್ತಿ ಅವಳನ್ನು ನೋಡಿದ. ಇದು ಅವನಿಗೆ ಗೊತ್ತಿರಲಿಲ್ಲ. ನೋವು ಅವನ ಮುಖದಲ್ಲಿ ಹಾದುಹೋದದ್ದು ಅವಳಿಗೆ ಕಂಡಿತು.

‘ಮುಗಿಯಿತು’ ಎಂದುಕೊಂಡಳು. ‘ಹೇಳಬಾರದಿತ್ತಾ?... ಇಲ್ಲ. ಹೇಳಲೇಬೇಕಿತ್ತು.’

ಪರೀಕ್ಷೆಯ ಕೋಣೆಯ ಬಾಗಿಲು ತೆರೆದು ಕುಮುದಿನಿಯಕ್ಕ ಹೊರಗೆ ಬಂದರು. ಸೆರಗು ಬಿಗಿಯಾಗಿ ಹೊದ್ದಿದ್ದರು, ಮುಖ ಬಿಳಿಚಿತ್ತು.

“ಆಯ್ತು. ಬರೇ ಒಂದು ಸೂಜಿ” ಎಂದರು. “ರಿಪೋರ್ಟ್ ಮುಂದಿನ ವಾರ ಅಂತೆ. ನನ್ನ ಕೈಗೇ ಕೊಡ್ತಾರಂತೆ, ನಾನೇ ಕೇಳಿಕೊಂಡೆ.” ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. “ಎಂತ ನಿಮ್ಮ ಅವಸ್ಥೆ? ಚುಚ್ಚಿದ್ದು ನನಗೆ, ಅಳುದು ಇವಳಾ? ನಾನು ಕೆಳಗೆ ಚಾ ಕುಡಿತೇನೆ. ನಿಮ್ಮದು ಮುಗಿದ ಮೇಲೆ ಬನ್ನಿ.”

ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಇಳಿದುಹೋಯಿತು.

“ಭವಿತ್...” ಎಂದಳು ಮೋಕ್ಷಿತಾ. “ನನ್ನ ಮೇಲೆ ಇನ್ನು ನಂಬಿಕೆ ಉಂಟಾ?”

“ಇಲ್ಲ.”

ಅವಳು ಕಣ್ಣು ಮುಚ್ಚಿದಳು.

“ಈಗ ಇಲ್ಲ” ಎಂದ ಅವನು ನಿಧಾನವಾಗಿ. “ಸುಳ್ಳು ಯಾಕೆ ಹೇಳುದು? ನಂಬಿಕೆ ಬರ್ಲಿಕ್ಕೆ ಸಮಯ ಬೇಕು. ಆದ್ರೆ ಯಾರಿಗೂ ಗೊತ್ತಾಗದ್ದನ್ನು ಇವತ್ತು ನೀವಾಗಿಯೇ ಹೇಳಿದ್ರಲ್ಲ... ಬರ್ತದೆ ಅಂತ ಕಾಣ್ತದೆ.”

“ಮತ್ತೆ... ಪ್ರೀತಿ?” ಕೇಳುವಾಗ ನಾಚಿಕೆಯಿಂದ ಅವಳ ದನಿ ಉ‌ಸಿರಿಗಿಂತ ಸಣ್ಣದಾಯಿತು.

“ಅದು ಎಲ್ಲಿಗೆ ಹೋಗ್ತದೆ ಮಾರಾಯ್ತಿ? ಓಡಿಸ್ಲಿಕ್ಕೆ ನೋಡಿದೆ. ಹೋಗ್ಲೇ ಇಲ್ಲ.”

ಅಳುತ್ತಲೇ ಅವಳಿಗೆ ನಗು ಬಂದುಬಿಟ್ಟಿತು! ಮಾರಾಯ್ತಿ ಎಂದಿದ್ದ. ಮೇಡಂ ಎಂದಿರಲಿಲ್ಲ.

“ನಂಬಿಕೆ ಬರುವವರೆಗೆ ನಾನು ಕಾಯ್ತೇನೆ” ಎಂದಳು.

“ಹೀಗೆ ನಿಂತುಕೊಂಡೇ?”

“ಹ್ಞೂಂ.”

ಅವನು ಬ್ಯಾಗನ್ನು ತೆಗೆದು ನೆಲದ ಮೇಲಿಟ್ಟು, ಬೆಂಚಿನಲ್ಲಿ ಬದಿಗೆ ಸರಿದ.

“ಕೂತ್ಕೋ ಮೋಕ್ಷಿತಾ” ಎಂದ. “ಕಾಲು ನೋಯ್ತದೆ.”